ಶಿರಾದಿಂದ ಗಂಜಾಮಿಗೆ

ಶ್ರೀರಂಗಪಟ್ಟಣದ ಕೋಟೆಯ ಪೂರ್ವಕ್ಕೆ, ದ್ವೀಪದ ಮೇಲೆಯೇ, ಗಂಜಾಂ ಇದೆ. ಗುಂಬಜ್ ನೋಡಲು ಹೋಗುವವರು ಅದನ್ನು ಗಮನಿಸದೆ ದಾಟಿಹೋಗುವುದೇ ಹೆಚ್ಚು. ಈ ಪೇಟೆಯನ್ನು ತುಂಬಿಸಲು ಟಿಪ್ಪು ಸುಲ್ತಾನ ಶಿರಾದಿಂದ 12,000 ಕುಟುಂಬಗಳನ್ನು ಬಲವಂತವಾಗಿ ಎಬ್ಬಿಸಿ ತಂದನೆಂದು ಮೈಸೂರು ಗ್ಯಾಸೆಟಿಯರಿನಲ್ಲಿ ಬಿ.ಎಲ್. ರೈಸ್ ಬರೆದಿದ್ದಾರೆ. ಮನೆಗೆ ನಾಲ್ಕು ಜನ ಎಂದರೂ ನಲವತ್ತೆಂಟು ಸಾವಿರ ಮಂದಿ. ಅಂಕಿಯಲ್ಲಿ ಉತ್ಪ್ರೇಕ್ಷೆ ಇರಬಹುದು. ಆದರೆ ನೂರು ಮೈಲಿಯ ಹಾದಿಯಲ್ಲಿ ಮಕ್ಕಳು ಮುದುಕರೊಂದಿಗೆ ಸಾಗಿದ ಆ ಜನ ತಾವಾಗಿ ಹೊರಟವರಲ್ಲ.

ಎಬ್ಬಿಸಿದ ಊರು ಸಾಮಾನ್ಯವಾದದ್ದಲ್ಲ. 1687ರಲ್ಲಿ ಮೊಗಲರು ಹಿಡಿದ ಶಿರಾ, ಏಳು ಪರಗಣೆಗಳ ಸುಭಾದ ರಾಜಧಾನಿಯಾಯಿತು. ಇಲ್ಲಿಯ ಜುಮ್ಮಾ ಮಸೀದಿ 1696ರದು. ದಿಲಾವರ ಖಾನನ ಕಾಲದಲ್ಲಿ ಐವತ್ತು ಸಾವಿರ ಮನೆಗಳಿದ್ದವೆಂಬ ಪ್ರತೀತಿ ಉಂಟು. ಇಲ್ಲಿಯ ಖಾನ್ ಬಾಗ್ ತೋಟವೇ ಬೆಂಗಳೂರಿನ ಲಾಲ್ ಬಾಗಿಗೆ ಮಾದರಿಯಾಯಿತೆಂದೂ ಹೇಳುತ್ತಾರೆ. ಆಮೇಲೆ ಬಂದದ್ದು ಕೈಬದಲಿನ ಕಾಲ: 1757ರಲ್ಲಿ ಮರಾಠರು, 1761ರಲ್ಲಿ ಹೈದರ್, 1766ರಲ್ಲಿ ಮತ್ತೆ ಮರಾಠರು, 1774ರಲ್ಲಿ ಟಿಪ್ಪು. ಇಂಥ ಗಡಿಯ ಊರಿನ ಜನರನ್ನು ರಾಜಧಾನಿಗೆ ಒಯ್ದರೆ ದೊರೆಗೆ ಎರಡು ಲಾಭ. ಕಸುಬುದಾರರು, ವ್ಯಾಪಾರಿಗಳು ಕಣ್ಣೆದುರಿಗೇ ತೆರಿಗೆ ಕಟ್ಟುತ್ತಾರೆ. ನಾಳೆ ಶತ್ರು ಬಂದರೆ ಅವನಿಗೆ ದಕ್ಕುವುದು ಖಾಲಿ ಮನೆಗಳು. ಎಪ್ಪತ್ತು ವರ್ಷ ಮುಸಲ್ಮಾನ ಸುಬೇದಾರರು ಆಳಿದ ಊರನ್ನೇ ಹೀಗೆ ಬರಿದುಮಾಡಿದ್ದರಿಂದ, ಇದಕ್ಕೆ ಮತವೊಂದನ್ನೇ ಕಾರಣವಾಗಿ ಹೇಳಲು ಬರುವುದಿಲ್ಲ.

ಪಕ್ಕದ ಚಿತ್ರದುರ್ಗದ ಬೇಡರ ಪಾಡು ಇದಕ್ಕಿಂತ ಘೋರ. ಬೇಟೆ, ದನಗಾವಲು, ಯುದ್ಧ ಇವರ ಬದುಕು. ದುರ್ಗದ ನಾಯಕರ ಬಲವೆಲ್ಲ ಇವರ ತೋಳಿನಲ್ಲಿತ್ತು. 1779ರಲ್ಲಿ ಕೋಟೆ ಬಿದ್ದಾಗ ಹೈದರ್, ಮದಕರಿ ನಾಯಕನನ್ನು ಸೆರೆಗೆ ಕಳಿಸಿದ್ದಲ್ಲದೆ 20,000 ಜನರನ್ನು ಶ್ರೀರಂಗಪಟ್ಟಣಕ್ಕೆ ಸಾಗಿಸಿದ. ಪಾಳೆಗಾರ ಹೋದರೂ ಬೇಡರು ಒಟ್ಟಿಗಿದ್ದರೆ ಇನ್ನೊಬ್ಬ ಪಾಳೆಗಾರ ಹುಟ್ಟಿಯಾನೆಂಬ ಲೆಕ್ಕ. ಸೆರೆಯಾಳುಗಳಲ್ಲಿ ತಕ್ಕ ವಯಸ್ಸಿನ ಹುಡುಗರನ್ನು ಆರಿಸಿ, ಮತಾಂತರಿಸಿ, ಕವಾಯತು ಕಲಿಸಿ ಪಡೆ ಕಟ್ಟಲಾಯಿತು. ಇವೇ ‘ಚೇಲಾ’ ದಳಗಳು. ಚೇಲಾ ಎಂದರೆ ಶಿಷ್ಯ. ಈ ಶಿಷ್ಯರು ಗುರುವನ್ನು ಹುಡುಕಿಕೊಂಡು ಹೋದವರಲ್ಲ. ಹೆಸರು, ಮತ, ಉಡುಪು, ಒಡೆಯ ಎಲ್ಲವೂ ಹೊಸದು. ತುರ್ಕಿಯ ಆಟೊಮನ್ ಸುಲ್ತಾನರು ಬಾಲ್ಕನ್ ಪ್ರದೇಶದ ಕ್ರೈಸ್ತ ಬಾಲಕರನ್ನು ಒಯ್ದು ಜಾನಿಸರಿ ಪಡೆ ಕಟ್ಟಿದ ಕ್ರಮವೂ ಇದೇ.

ಈ ಸಂಗತಿಯನ್ನು ವಿವರವಾಗಿ ಬರೆದ ಮಾರ್ಕ್ ವಿಲ್ಕ್ಸ್ ಇಂಗ್ಲಿಷರ ಅಧಿಕಾರಿ. ಗೆದ್ದವನ ಲೇಖನಿಯಲ್ಲಿ ಸೋತವನ ಕ್ರೌರ್ಯ ಹಿಗ್ಗುವುದು ಸಹಜ, ಎಚ್ಚರಿಕೆ ಬೇಕು. ಆದರೆ ಚೇಲಾಗಳು ಕಟ್ಟುಕಥೆಯಲ್ಲ. ಮಲಬಾರಿನಿಂದ ಬಂದ ಇಂಥದೇ ಒಬ್ಬ ಯುವಕ ಷೇಖ್ ಅಯಾಜ್ ಎಂಬ ಹೆಸರಿನಿಂದ ಬಿದನೂರಿನ ಅಧಿಪತಿಯಾಗುವಷ್ಟು ಮೇಲೇರಿದ. ಹೈದರ್ ಸತ್ತು ಟಿಪ್ಪು ಬಂದೊಡನೆ, 1783ರಲ್ಲಿ ಅದೇ ಬಿದನೂರನ್ನು ಇಂಗ್ಲಿಷರಿಗೆ ಒಪ್ಪಿಸಿ ಹೊರಟುಹೋದ. ಹೊಸ ಹೆಸರು ಕೊಟ್ಟ ಮಾತ್ರಕ್ಕೆ ನಿಷ್ಠೆ ಕೈವಶವಾಗುವುದಿಲ್ಲವೆಂಬುದು ಟಿಪ್ಪುವಿಗೆ ದುಬಾರಿಯಾಗಿಯೇ ತಿಳಿಯಿತು.

ಸೋತವರನ್ನು ಅವರ ನೆಲದಿಂದ ಬೇರೆಮಾಡುವ ಈ ಕ್ರಮಕ್ಕೆ ಅರಮನೆಯವರೂ ಹೊರತಾಗಿರಲಿಲ್ಲ. ಅದೇ ಬಿದನೂರು 1763ರಲ್ಲಿ ಬಿದ್ದಾಗ ಹೈದರ್, ಕೆಳದಿಯ ರಾಣಿ ವೀರಮ್ಮಾಜಿಯನ್ನು ಮಗನೊಡನೆ ಮಧುಗಿರಿಯ ಬೆಟ್ಟದ ಮೇಲೆ ಸೆರೆಯಿಟ್ಟ. 1767ರಲ್ಲಿ ಮರಾಠರು ಮಧುಗಿರಿ ಹಿಡಿದಾಗ ಬಿಡುಗಡೆ ಸಿಕ್ಕರೂ ಆಕೆ ತನ್ನ ಸೀಮೆಗೆ ಮರಳಲಿಲ್ಲ. ಪುಣೆಯ ದಾರಿಯಲ್ಲೇ ತೀರಿಕೊಂಡಳು. ಪಾವಗಡ, ಕೊರಟಗೆರೆ ಪಾಳೆಯಪಟ್ಟುಗಳೂ ಮೈಸೂರಿನ ಪಾಲಾದವು. ಅಲ್ಲಿ ಆಳಿದವರ ಹೆಸರು ಸ್ಥಳೀಯರಿಗಷ್ಟೇ ನೆನಪು.

1799ರ ನಂತರ ಬಂದ ಸಾಮ್ರಾಜ್ಯ ಬೇರೊಂದು ಬಗೆಯಲ್ಲಿ ಇದೇ ಜನರ ಬೆನ್ನಿಗೆ ಬಿತ್ತು. 1857ರಲ್ಲಿ ಕಂಪನಿ ಸರ್ಕಾರ ಆಯುಧ ಒಪ್ಪಿಸಬೇಕೆಂದಾಗ ಮುಧೋಳ ಸೀಮೆಯ ಹಲಗಲಿಯ ಬೇಡರು ಒಪ್ಪದೆ ಸತ್ತರು, ಗಲ್ಲಿಗೇರಿದರು. ಆಯುಧವಿಲ್ಲದ ಬೇಡ ಬೇಡನೇ ಅಲ್ಲವೆಂಬುದು ಅವರ ಎಣಿಕೆ.

ಕೋಟೆಯ ಪೇಟೆಗಳಲ್ಲಿದ್ದವರು ಸುಲಭವಾಗಿ ಸಿಕ್ಕಿಬಿದ್ದರು. ಕಾಡಂಚಿನ ಹಟ್ಟಿಗಳಲ್ಲಿ ದನ ಕಟ್ಟಿಕೊಂಡು ಅಲೆಯುತ್ತಿದ್ದವರನ್ನು ಹಿಡಿಯುವುದು ಅಷ್ಟು ಸಲೀಸಲ್ಲ. ಪಾವಗಡಕ್ಕೆ ಹೊಂದಿಕೊಂಡ ಚಳ್ಳಕೆರೆ, ಅದರಾಚೆಯ ಮೊಳಕಾಲ್ಮೂರು ಸೀಮೆಗಳ ಮ್ಯಾಸಬೇಡರು ಇಂದಿಗೂ ದೇವರ ಎತ್ತುಗಳನ್ನು ಸಾಕುತ್ತಾರೆ. ಈಚಲ ಮರ ಮುಟ್ಟಬಾರದೆಂಬ ಹಿರಿಯರ ಕಟ್ಟಳೆಯನ್ನು ಪಾಲಿಸುವವರು ಇನ್ನೂ ಇದ್ದಾರೆ.