ಕುಮಟಾ ಹತ್ತಿ: ಒಂದು ರೇವಿನ ಉದಯಾಸ್ತ

ಪಾಳುಬಿದ್ದ ಬಟ್ಟೆಗಿರಣಿಗಳನ್ನು ಅರಸಿ ಹೊರಟವನಿಗೆ ಕರ್ನಾಟಕದಲ್ಲಿ ಸಾಮಗ್ರಿಗೆ ಕೊರತೆಯಿಲ್ಲ; ಕಲಬುರಗಿಯ ಎಂ.ಎಸ್.ಕೆ. ಮಿಲ್ಲೂ ಬೆಂಗಳೂರಿನ ಬಿನ್ನಿ ಮಿಲ್ಲೂ ಯಂತ್ರಗಳ ಸದ್ದಡಗಿದ ಮೇಲೂ ರಸ್ತೆಯ ಹೆಸರಾಗಿ, ಬಡಾವಣೆಯ ಗುರುತಾಗಿ ಜನರ ಬಾಯಲ್ಲಿ ಉಳಿದಿವೆ. ಆದರೆ ಉತ್ತರ ಕನ್ನಡದ ಕಡಲತೀರದಲ್ಲಿ, ಭಟ್ಕಳ, ಹೊನ್ನಾವರ, ಕುಮಟಾಗಳ ಸಾಲಿನಲ್ಲಿ, ಇದೇ ಪ್ರಶ್ನೆಯನ್ನು ಕೇಳುವವನಿಗೆ ದೊರೆಯುವ ಅವಶೇಷವು ಕಲ್ಲುಗೋಡೆಗಿಂತ ವಿಲಕ್ಷಣವಾದುದು: ಅದು ಒಂದು ಹೆಸರು. ಹತ್ತಿಯ ಗಿಡವೇ ಬೆಳೆಯದ ಕುಮಟೆಯು ಒಂದು ಹತ್ತಿಯ ತಳಿಗೆ ತನ್ನ ಹೆಸರನ್ನು ಹೇಗೆ ಕೊಟ್ಟಿತು, ಆ ಹೆಸರು ಉಳಿದು ವ್ಯಾಪಾರವು ಏಕೆ ಅಳಿಯಿತು ಎಂಬುದನ್ನು ವಿಚಾರಿಸುವುದೇ ಪ್ರಸ್ತುತ ಲೇಖನದ ಉದ್ದೇಶ.

ಈ ತೀರದ ರೇವುಗಳು ಪ್ರಾಚೀನವಾದುವು. ಹದಿನಾಲ್ಕನೆಯ ಶತಮಾನದಲ್ಲಿ ಹೊನ್ನಾವರಕ್ಕೆ ಬಂದ ಇಬ್ನ್ ಬತೂತನು ಅಲ್ಲಿಯ ಸ್ತ್ರೀಯರು ಹೊಲಿಗೆಯಿಲ್ಲದ ವಸ್ತ್ರದ ಒಂದು ತುದಿಯನ್ನು ನಡುವಿಗೆ ಸುತ್ತಿ ಉಳಿದುದನ್ನು ಮೈಮೇಲೆ ಹೊದ್ದುಕೊಳ್ಳುತ್ತಿದ್ದುದನ್ನು ಗಮನಿಸಿ ಬರೆದಿಟ್ಟನು. ಹದಿನಾರನೆಯ ಶತಮಾನದ ಆದಿಯಲ್ಲಿ ಪೋರ್ಚುಗೀಸ್ ಬರಹಗಾರ ದುವಾರ್ತೆ ಬಾರ್ಬೋಸನು ಭಟ್ಕಳದಿಂದ ಹೊರಡುತ್ತಿದ್ದ ಅಕ್ಕಿ, ಸಕ್ಕರೆ, ಕಬ್ಬಿಣಗಳನ್ನು ಹೆಸರಿಸಿದನು. ಹತ್ತಿಯಿಂದ ಖ್ಯಾತಿ ಪಡೆದ ರೇವು ಮಾತ್ರ ಕುಮಟಾ. ಆ ಖ್ಯಾತಿಯೂ ಹತ್ತೊಂಬತ್ತನೆಯ ಶತಮಾನದ್ದು.

ವರ್ಷಕ್ಕೆ ಮೂರು ಸಾವಿರ ಮಿಲಿಮೀಟರಿಗೂ ಮಿಕ್ಕಿ ಮಳೆ ಸುರಿಯುವ, ಜಂಬಿಟ್ಟಿಗೆ ಮಣ್ಣಿನ ಈ ನೆಲ ಹತ್ತಿಗೆ ಒಗ್ಗುವುದಿಲ್ಲ. ‘ಕುಮಟಾ ಹತ್ತಿ’ ಬೆಳೆಯುತ್ತಿದ್ದುದು ಘಟ್ಟದ ಮೇಲೆ, ಧಾರವಾಡ, ಹುಬ್ಬಳ್ಳಿ, ಗದಗಗಳ ಎರೆಭೂಮಿಯಲ್ಲಿ. ಸಸ್ಯಶಾಸ್ತ್ರಜ್ಞರು ಅದನ್ನು ಗಾಸಿಪಿಯಂ ಹರ್ಬೇಸಿಯಂ ಎಂಬ ದೇಶಿ ಜಾತಿಗೆ ಸೇರಿಸುತ್ತಾರೆ. ಮಾಲನ್ನು ಹಡಗಿಗೇರಿಸಿದ ರೇವಿನ ಹೆಸರಿನಿಂದಲೇ ಮುಂಬಯಿಯ ಪೇಟೆಯು ಅದನ್ನು ಗುರುತಿಸಿತು. ಇಂಗ್ಲಿಷ್ ವರ್ತಕರ ಬರವಣಿಗೆಯಲ್ಲಿ ಅದು ‘ಕೂಂಪ್ಟಾ’ ಆಯಿತು.

ಹೊಲದಿಂದ ಹಡಗಿನವರೆಗಿನ ಹತ್ತಿಯ ಪಯಣವನ್ನು ಸಮೀಪದಿಂದ ನೋಡಬೇಕು. ಚಪ್ಪಟೆಯಾದ ಕಲ್ಲಿನ ಮುಂದೆ ಕಿರುಮಣೆಯ ಮೇಲೆ ಕುಳಿತ ಹೆಂಗಸು ಅಂಗಾಲುಗಳಿಂದ ಕಬ್ಬಿಣದ ಸಲಾಕೆಯನ್ನು ಆ ಕಲ್ಲಿನ ಮೇಲೆ ಹಿಂದಕ್ಕೂ ಮುಂದಕ್ಕೂ ಉರುಳಿಸುತ್ತ, ಕೈಯಿಂದ ಹತ್ತಿಯನ್ನು ಅದರಡಿಗೆ ಒಡ್ಡುತ್ತಿದ್ದಳು. ಅರಳೆ ಒಂದು ಬದಿಗೆ, ಹತ್ತಿಕಾಳು ಮತ್ತೊಂದು ಬದಿಗೆ ಬೀಳುತ್ತಿದ್ದುವು. 1840ರ ದಶಕದಲ್ಲಿ ಧಾರವಾಡ ಸೀಮೆಗೆ ಅಮೆರಿಕದ ಹತ್ತಿಯೊಡನೆ ಬಂದ ಗರಗಸದ ಜಿನ್ನು ಕುಮಟಾ ಹತ್ತಿಯ ಗಿಡ್ಡ ಎಳೆಯನ್ನು ಕತ್ತರಿಸಿಬಿಡುತ್ತಿದ್ದುದರಿಂದ, ದೇಶಿ ಹತ್ತಿಗೆ ಕಾಲಿನಿಂದ ಉರುಳಿಸುವ ಈ ಸಲಾಕೆಯೇ ಗತಿಯಾಗಿತ್ತು. ಹೀಗೆ ಬಿಡಿಸಿದ ಅರಳೆಯನ್ನು ಅಂಡಿಗೆಗಳಲ್ಲಿ ತುಂಬಿ, ಹೇರೆತ್ತುಗಳ ಮೇಲೂ ಚಕ್ಕಡಿಗಳಲ್ಲಿಯೂ ಶಿರಸಿಯ ಮಾರ್ಗವಾಗಿ ದೇವಿಮನೆ ಘಟ್ಟವನ್ನಿಳಿಸಿ ಕುಮಟೆಗೆ ತರುತ್ತಿದ್ದರು.

ಇಲ್ಲಿ ಋತುಮಾನದ ಒಂದು ಕಠಿಣ ನಿಯಮವು ವ್ಯಾಪಾರವನ್ನಾಳುತ್ತಿತ್ತು. ಈ ಹತ್ತಿಯ ಕೊಯ್ಲು ಫೆಬ್ರುವರಿಯಿಂದ ಏಪ್ರಿಲ್ ವರೆಗೆ. ಪತ್ತೇಮಾರಿ ಎಂಬ ಹಾಯಿಹಡಗುಗಳಿಗೆ ಕಡಲು ಮುಚ್ಚುವುದು ಜೂನಿನಲ್ಲಿ. ಈ ಕಿರಿದಾದ ಅವಧಿಯೊಳಗೆ ಘಟ್ಟವಿಳಿದು ಬಾರದ ಅಂಡಿಗೆಯು ಮಳೆಗಾಲವೆಲ್ಲ ಉಗ್ರಾಣದಲ್ಲಿ ತೇವವನ್ನು ಹೀರುತ್ತ ಕೊಳೆಯಬೇಕಾಗುತ್ತಿತ್ತು. ಸಡಿಲವಾದ ಅರಳೆ ಹಡಗಿನಲ್ಲಿ ಭಾರಕ್ಕಿಂತ ಹೆಚ್ಚಾಗಿ ಜಾಗವನ್ನು ನುಂಗುವ ಮಾಲು. ಆದುದರಿಂದ ಅದನ್ನು ಹಿಂಡಿ ಬಿಗಿದು ಗಂಟುಮಾಡುವ ಪ್ರೆಸ್ಸು ಹತ್ತಿಯ ರೇವಿಗೆ ಪ್ರಾಣಪ್ರಾಯವಾಗಿತ್ತು. ಈ ವ್ಯಾಪಾರದಲ್ಲಿ ಮೋಸಕ್ಕೂ ಎಡೆಯಿತ್ತು: ಹತ್ತಿಗೆ ನೀರು, ಬೀಜ, ಕಸಗಳನ್ನು ಬೆರಸುವುದನ್ನು ತಡೆಯಲು ಮುಂಬಯಿ ಸರಕಾರವು 1863ರಲ್ಲಿ ಪ್ರತ್ಯೇಕ ಶಾಸನವನ್ನೇ ಮಾಡಬೇಕಾಯಿತು.

1861ರಲ್ಲಿ ಅಮೆರಿಕದ ಅಂತರ್ಯುದ್ಧವು ಆರಂಭವಾಗಿ ಲಂಕಾಶಾಯರಿನ ಗಿರಣಿಗಳಿಗೆ ಹತ್ತಿ ನಿಂತಾಗ, ಈ ಮರಳು ದಂಡೆಯ ಮೇಲೆ ಜಗತ್ತಿನ ಕಣ್ಣು ಬಿದ್ದಿತು. ಹತ್ತಿಯ ನಾಡೂ ಅದರ ರೇವೂ ಒಂದೇ ಆಡಳಿತಕ್ಕೆ ಸೇರಿರಬೇಕೆಂಬ ಒತ್ತಾಯ ಬೆಳೆದು, 1862ರಲ್ಲಿ ಉತ್ತರ ಕನ್ನಡವು ಮದ್ರಾಸ್ ಪ್ರಾಂತದಿಂದ ಮುಂಬಯಿ ಪ್ರಾಂತಕ್ಕೆ ವರ್ಗವಾಯಿತು. ಮ್ಯಾಂಚೆಸ್ಟರ್ ಕಾಟನ್ ಕಂಪನಿಯು ಕುಮಟೆಗೆ ಬದಲಾಗಿ ಕಾರವಾರದ ಬಳಿಯ ಸದಾಶಿವಗಡವನ್ನು ಆರಿಸಿ, ಅಲ್ಲಿಗೆ ಯಂತ್ರಗಳನ್ನು ಕಳುಹಿತು. ಆದರೆ ಅವು ಬಂದಿಳಿದಾಗ ಧಕ್ಕೆಯಾಗಲಿ ಘಟ್ಟದ ರಸ್ತೆಯಾಗಲಿ ಸಿದ್ಧವಿರಲಿಲ್ಲ. ಕಂಪನಿಯ ಉದ್ಯಮ ಕೈಗೂಡಲಿಲ್ಲ. ಈ ಜಿಲ್ಲೆಯಲ್ಲಿ ‘ಪರಿತ್ಯಕ್ತ ಕಾರ್ಖಾನೆ’ ಎಂಬ ಮಾತಿಗೆ ಅತ್ಯಂತ ಯೋಗ್ಯವಾದುದು ಪ್ರಾಯಶಃ ಇದೇ: ಚಾಲನೆಗೊಳ್ಳುವ ಮೊದಲೇ ಕೈಬಿಟ್ಟುದು.

ಕುಮಟೆಯನ್ನು ಸೋಲಿಸಿದುದು ಮ್ಯಾಂಚೆಸ್ಟರೂ ಅಲ್ಲ, ಕಾರವಾರವೂ ಅಲ್ಲ, ರೈಲು. 1880ರ ದಶಕದಲ್ಲಿ ಸದರ್ನ್ ಮರಾಠಾ ರೈಲ್ವೆ ಹುಬ್ಬಳ್ಳಿ, ಗದಗಗಳನ್ನು ಮುಟ್ಟಿ, ಆ ದಶಕದ ಕೊನೆಗೆ ಮರ್ಮಗೋವಾ ಬಂದರಕ್ಕೆ ಮಾರ್ಗ ತೆರೆದ ಮೇಲೆ, ಹತ್ತಿಯು ಘಟ್ಟವಿಳಿಯಲು ಎತ್ತನ್ನೂ ಕಡಲು ದಾಟಲು ಗಾಳಿಯನ್ನೂ ಕಾಯಬೇಕಾಗಲಿಲ್ಲ. ಮಾಲು ಅದೇ, ಹೊಲವೂ ಅದೇ. ದಾರಿ ಮಾತ್ರ ಬೇರೆಯಾಯಿತು. ರೇವಿನ ಪತನಕ್ಕೆ ಅದರ ಜನರ ಆಲಸ್ಯವನ್ನೋ ಹತ್ತಿಯ ಹೀನತೆಯನ್ನೋ ಕಾರಣವೆನ್ನುವುದು ಆದುದರಿಂದ ಅನ್ಯಾಯವಾದೀತು. ಕುಮಟೆಗೆ ರೈಲು ಬಂದುದು ಶತಮಾನದ ತರುವಾಯ. 1998ರ ಜನವರಿಯಲ್ಲಿ ಕೊಂಕಣ ರೈಲ್ವೆ ಪೂರ್ಣಗೊಂಡಾಗ ಆ ಬಂಡಿಗೆ ತುಂಬಲು ಊರಿನಲ್ಲಿ ಹತ್ತಿಯ ಅಂಡಿಗೆಗಳಿರಲಿಲ್ಲ.

ಹೆಸರು ಮಾತ್ರ ಅಳಿಯಲಿಲ್ಲ. ಧಾರವಾಡ ಸೀಮೆಯ ತಳಿಸಂವರ್ಧಕರು ಜಯವಂತ, ಜಯಧರಗಳೆಂಬ ದೇಶಿ ತಳಿಗಳನ್ನು ರೂಪಿಸಿದ ಮೇಲೂ ಕೃಷಿಗ್ರಂಥಗಳಲ್ಲಿ ‘ಕುಮಟಾ’ ಎಂಬ ಪದವು ನೆಲೆಯೂರಿತು. ಗೋಡೆ ಕುಸಿದರೂ ಪದವು ನಿಲ್ಲುತ್ತದೆ. ಆದರೆ ಆ ಪದದ ಹಿಂದಿನ ಜೀವನವನ್ನು ಹೇಳಬಲ್ಲವು ಮನೆಗಳ ಅಟ್ಟದಲ್ಲಿ ಬಿದ್ದಿರಬಹುದಾದ ಕೀರ್ದಿ, ಖಾತೆವಹಿ, ಹಡಗಿನ ಬಾಡಿಗೆಯ ಚೀಟಿಗಳು ಮಾತ್ರ. ಕರಾವಳಿಯ ಮಳೆಗೂ ಗೆದ್ದಲಿಗೂ ಕಾಗದದಲ್ಲಿ ಭೇದವಿಲ್ಲ. ಭಟ್ಕಳ, ಹೊನ್ನಾವರ, ಕುಮಟೆಗಳ ಹಳೆಯ ವರ್ತಕ ಮನೆತನಗಳವರು ಅಂತಹ ಒಂದು ಕಟ್ಟು ಕೈಗೆ ಸಿಕ್ಕಿದಲ್ಲಿ, ಅದನ್ನು ರದ್ದಿಗೆ ಹಾಕದೆ, ಸಮೀಪದ ಕಾಲೇಜಿನ ಇತಿಹಾಸ ವಿಭಾಗಕ್ಕೆ ತೋರಿಸಬೇಕೆಂದು ವಿನಂತಿ.