ರಸಭರಿತ ಸಸ್ಯಗಳು: ಗಡಿನಾಡಿನ ಮನೆಗಳಲ್ಲಿ ನೆಡುವ ಮತ್ತು ಸಲಹುವ ಬಗೆ

ರಾಯದುರ್ಗ, ಮಡಕಶಿರಾ ಸೀಮೆಯ ಅನೇಕ ಮನೆಗಳ ಬಾಗಿಲಲ್ಲಿ ಲೋಳೆಸರದ ಗಿಡವೊಂದು ತಲೆಕೆಳಗಾಗಿ ತೂಗುತ್ತಿರುವುದನ್ನು ನಾವು ಕಂಡಿದ್ದೇವೆ. ದೃಷ್ಟಿ ತಾಗದಿರಲೆಂದು ಕಟ್ಟಿದ ಆ ಗಿಡಕ್ಕೆ ಮಣ್ಣಿಲ್ಲ, ನೀರಿಲ್ಲ. ಆದರೂ ತಿಂಗಳುಗಟ್ಟಲೆ ಹಸಿರು ಆರುವುದಿಲ್ಲ. ಅದೇ ಮನೆಯ ಕಿಟಕಿಯಲ್ಲಿ ಪಿಂಗಾಣಿ ಬಟ್ಟಲಿನೊಳಗಿಟ್ಟು ದಿನವೂ ನೀರುಣಿಸಿದ ಪುಟ್ಟ ಎಚೆವೇರಿಯಾ ಮಾತ್ರ ಕೆಲವೇ ವಾರಗಳಲ್ಲಿ ಕೊಳೆತುಹೋಗುತ್ತದೆ. ಇಂತಹ ಗಿಡಗಳು ಅಲಕ್ಷ್ಯದಿಂದ ಸಾಯುವುದು ಅಪರೂಪ. ಅತಿ ಉಪಚಾರದಿಂದ ಸಾಯುವುದೇ ಹೆಚ್ಚು.

ಎಲೆ, ಕಾಂಡ ಅಥವಾ ಬೇರಿನಲ್ಲಿ ನೀರನ್ನು ಕೂಡಿಟ್ಟುಕೊಳ್ಳುವ ಗಿಡಗಳನ್ನು ರಸಭರಿತ ಸಸ್ಯಗಳೆನ್ನುತ್ತಾರೆ. ಇವೆಲ್ಲ ಒಂದೇ ಕುಟುಂಬಕ್ಕೆ ಸೇರಿದವಲ್ಲ; ಒಂದೇ ಬಗೆಯ ಬಾಳನ್ನು ರೂಢಿಸಿಕೊಂಡವು. ಇವುಗಳಲ್ಲಿ ಹೆಚ್ಚಿನವು ಹಗಲಿನಲ್ಲಿ ತಮ್ಮ ಸೂಕ್ಷ್ಮ ರಂಧ್ರಗಳನ್ನು ಮುಚ್ಚಿಕೊಂಡು, ರಾತ್ರಿಯ ತಂಪಿನಲ್ಲಿ ತೆರೆದು ಇಂಗಾಲದ ಡೈಆಕ್ಸೈಡನ್ನು ಒಳಗೆಳೆದುಕೊಳ್ಳುತ್ತವೆ. ಬಿಸಿಲಿಗೆ ಆವಿಯಾಗಬೇಕಿದ್ದ ನೀರು ಹೀಗೆ ಉಳಿಯುತ್ತದೆ. ಪೇಟೆಯಲ್ಲಿ ಈ ಗಿಡಗಳು ಹೊಸ ಹೆಸರಿನಿಂದ ಮಾರಾಟವಾಗುತ್ತಿದ್ದರೂ ನಮಗಿವು ಹೊಸಬವಲ್ಲ. ಮಂಗರವಳ್ಳಿ, ಎಲೆಗಳ್ಳಿ, ಕಾಡುಬಸಳೆ ಹಿತ್ತಲಿನಲ್ಲಿಯೇ ಇವೆ. ಪಾಪಾಸುಕಳ್ಳಿಯೂ ಕತ್ತಾಳೆಯೂ ಅಮೆರಿಕ ಖಂಡದಿಂದ ಬಂದವಾದರೂ ಬೇಲಿಯಲ್ಲಿ ನಿಂತು ನಮ್ಮವೇ ಆಗಿಬಿಟ್ಟಿವೆ.

ಮೊದಲ ಗಮನ ಮಣ್ಣಿನ ಕಡೆಗಿರಲಿ. ನರ್ಸರಿಯಿಂದ ತಂದ ಗಿಡ ಬಹುಮಟ್ಟಿಗೆ ತೆಂಗಿನ ನಾರಿನ ಪುಡಿಯಲ್ಲಿ ಕುಳಿತಿರುತ್ತದೆ. ಸಾಗಿಸಲು ಅದು ಹಗುರ. ಆದರೆ ನೀರನ್ನು ಬಹುಕಾಲ ಹಿಡಿದಿಡುತ್ತದೆ. ಆದುದರಿಂದ ವಾರವೊಂದು ಕಳೆದ ಮೇಲೆ ಅದನ್ನು ಬೇರಿನಿಂದ ಮೆಲ್ಲನೆ ಉದುರಿಸಿ, ಬೇರೆ ಮಣ್ಣಿಗೆ ವರ್ಗಾಯಿಸುವುದು ಒಳ್ಳೆಯದು. ಎರಡು ಪಾಲು ದಪ್ಪ ಮರಳು ಅಥವಾ ಇಟ್ಟಿಗೆಯ ಸಣ್ಣ ಚೂರು, ಒಂದು ಪಾಲು ಕೆಮ್ಮಣ್ಣು, ಅರ್ಧ ಪಾಲು ಚೆನ್ನಾಗಿ ಕಳಿತ ಗೊಬ್ಬರ: ಸಾಮಾನ್ಯಕ್ಕೆ ಇಷ್ಟು ಸಾಕು. ಒದ್ದೆ ಮಾಡಿ ಮುಷ್ಟಿಯಲ್ಲಿ ಹಿಸುಕಿ ಬಿಟ್ಟಾಗ ಉಂಡೆಯಾಗಿ ನಿಲ್ಲದೆ ಉದುರಬೇಕು. ಸೊಲ್ಲಾಪುರ, ಅಕ್ಕಲಕೋಟೆ ಕಡೆಯ ಎರೆಮಣ್ಣನ್ನು ಮಾತ್ರ ಕುಂಡಕ್ಕೆ ತುಂಬಲೇಬಾರದು. ಜೋಳಕ್ಕೆ ವರವಾದ ಅದರ ತೇವ ಹಿಡಿಯುವ ಗುಣವೇ ಇಲ್ಲಿ ಶಾಪ. ಅಲ್ಲಿಯವರು ಗರಸನ್ನು ಜರಡಿ ಹಿಡಿದು ಬಳಸಬಹುದು. ಕಾಸರಗೋಡಿನವರಿಗೆ ಮುರಕಲ್ಲಿನ ಚೂರು ಅಂಗಳದಲ್ಲೇ ಸಿಗುತ್ತದೆ. ತಳಕ್ಕೆ ಜಲ್ಲಿ ಹಾಕಿ ಮೇಲೆ ಜಿಗುಟು ಮಣ್ಣು ತುಂಬಿದರೆ ನೀರು ಬಸಿಯುತ್ತದೆಂಬ ನಂಬಿಕೆ ವ್ಯಾಪಕವಾಗಿದೆ. ಆ ನೀರು ಜಿಗುಟು ಮಣ್ಣಿನಲ್ಲಿಯೇ ನಿಲ್ಲುತ್ತದೆ, ಜಲ್ಲಿಗೆ ಇಳಿಯುವುದಿಲ್ಲ. ಕುಂಡ ಮಣ್ಣಿನದಾಗಿರಲಿ, ತಳದಲ್ಲಿ ತೂತಿರಲಿ. ತೂತಿಲ್ಲದ ಚೆಂದದ ಬಟ್ಟಲು ಚೆಂದಕ್ಕೆ ಮಾತ್ರ.

ನೀರಿನ ವಿಚಾರದಲ್ಲಿ ವಾರಕ್ಕೆ ಇಂತಿಷ್ಟು ಸಲ ಎಂಬ ಲೆಕ್ಕವನ್ನು ನಾವು ಒಪ್ಪುವುದಿಲ್ಲ. ವರ್ಷಕ್ಕೆ 3,000 ಮಿ.ಮೀ.ಗೂ ಮೀರಿ ಮಳೆ ಸುರಿಯುವ ಕಾಸರಗೋಡಿಗೂ, ಅದರ ಐದನೆಯ ಒಂದು ಪಾಲಷ್ಟು ಬಂದರೆ ಒಳ್ಳೆಯ ವರ್ಷವೆನ್ನುವ ಜತ್ತಿಗೂ ಒಂದೇ ಪಂಚಾಂಗ ಹೇಗೆ ಹೊಂದೀತು? ಬೆರಳನ್ನೋ ಕಡ್ಡಿಯನ್ನೋ ಮಣ್ಣಿನೊಳಗೆ ಎರಡು ಅಂಗುಲ ಇಳಿಸಿ ನೋಡಬೇಕು. ಒಣಗಿದ್ದರೆ ತಳದಿಂದ ಹರಿದು ಬರುವಂತೆ ತುಂಬ ಹನಿಸಬೇಕು, ತೇವವಿದ್ದರೆ ಸುಮ್ಮನಿರಬೇಕು. ದಿನಕ್ಕೊಂದು ಚಮಚ ಚಿಮುಕಿಸುವುದು ಎರಡಕ್ಕೂ ಸಲ್ಲದ ಪದ್ಧತಿ.

ಇಲ್ಲಿ ಎಲ್ಲರೂ ಎಡವುವ ಒಂದು ಜಾಗವಿದೆ, ನಾವೂ ಎಡವಿದ್ದೇವೆ. ಎಲೆ ಸುಕ್ಕುಗಟ್ಟಿದೊಡನೆ ಬಾಯಾರಿಕೆಯೆಂದು ತಿಳಿದು ನೀರು ಹೊಯ್ಯುತ್ತೇವೆ. ಮಣ್ಣು ಒಣಗಿದ್ದರೆ ಅದು ಬಾಯಾರಿಕೆಯೇ ಸರಿ. ಮಣ್ಣು ಒದ್ದೆಯಾಗಿದ್ದೂ ಎಲೆ ಸುಕ್ಕಾಗಿದ್ದರೆ ಬೇರು ಕೊಳೆತಿದೆ, ಗಿಡಕ್ಕೆ ನೀರು ಹೀರುವ ಶಕ್ತಿಯೇ ಉಳಿದಿಲ್ಲವೆಂದು ಅರ್ಥ. ಆಗ ಹೊಯ್ದ ನೀರು ಕೊನೆಯ ಏಟು. ನಮ್ಮ ಜೇಡ್ ಗಿಡವೊಂದನ್ನು ನಾವು ಹೀಗೆಯೇ ಕಳೆದುಕೊಂಡೆವು. ಅಂತಹ ಗಿಡವನ್ನು ಕಿತ್ತು, ಕಪ್ಪಾದ ಬೇರುಕಾಂಡಗಳನ್ನು ಕತ್ತರಿಸಿ ಬಿಸುಟು, ಗಟ್ಟಿಯಾಗಿರುವ ತುದಿಯನ್ನು ನಾಲ್ಕೈದು ದಿನ ನೆರಳಿನಲ್ಲಿ ಒಣಗಿಸಿ ಹೊಸದಾಗಿ ನೆಡಬೇಕು. ಗಾಯ ಒಣಗಿ ಪೊರೆ ಕಟ್ಟದೆ ನೆಟ್ಟರೆ ಅದೂ ಕೊಳೆಯುತ್ತದೆ.

ಆಟಿಯ ಮಳೆಯಲ್ಲಿ ಕರಾವಳಿಯವರು, ವಯನಾಡಿನವರು ಕುಂಡಗಳನ್ನು ಸೂರಿನಡಿಗೆ, ಗಾಳಿಯಾಡುವ ಜಗಲಿಗೆ ಸರಿಸಲಿ. ಕುಂಡದ ಕೆಳಗಿನ ತಟ್ಟೆಯನ್ನು ತೆಗೆದಿಡಲಿ: ಅದರಲ್ಲಿ ನಿಂತ ನೀರು ಗಿಡದ ಬೇರನ್ನಷ್ಟೇ ಕೆಡಿಸುವುದಿಲ್ಲ, ಡೆಂಗಿ ಹರಡುವ ಈಡಿಸ್ ಸೊಳ್ಳೆಗೂ ತೊಟ್ಟಿಲಾಗುತ್ತದೆ. ನೀಲಗಿರಿಯಲ್ಲಿ ತೊಂದರೆ ಬೇರೆ. ತಂಪನ್ನು ಬಯಸುವ ಎಚೆವೇರಿಯಾಗಳಿಗೆ ಆ ಬೆಟ್ಟ ಹೇಳಿ ಮಾಡಿಸಿದ ತಾಣವಾದರೂ, ಹಿಮ ಬೀಳುವ ಡಿಸೆಂಬರ್, ಜನವರಿಯ ರಾತ್ರಿಗಳಲ್ಲಿ ಅವು ಬಯಲಿನಲ್ಲಿರಕೂಡದು. ಸೊಲ್ಲಾಪುರದಲ್ಲಿ ಉಷ್ಣತೆ 40 ಡಿಗ್ರಿ ದಾಟುವ ಬೇಸಗೆಯಲ್ಲಿ ಅಡೇನಿಯಂ ನಲಿಯುತ್ತದೆ, ಹಾವೋರ್ಥಿಯಾ ಸುಟ್ಟುಹೋಗುತ್ತದೆ. ನೆರಳಿನಲ್ಲಿ ಬೆಳೆದುದನ್ನು ಒಮ್ಮೆಲೇ ಬಿಸಿಲಿಗಿಡದೆ ಹತ್ತು ಹದಿನೈದು ದಿನಗಳಲ್ಲಿ ಒಗ್ಗಿಸಬೇಕು.

ಎಲೆಯ ಸಂದಿಯಲ್ಲಿ ಹತ್ತಿಯಂತಹ ಬಿಳಿ ಚುಕ್ಕೆ ಕಂಡರೆ ಅದು ಹಿಟ್ಟುತಿಗಣೆ. ಸ್ಪಿರಿಟ್‌ನಲ್ಲಿ ಅದ್ದಿದ ಹತ್ತಿಯಿಂದ ಒರೆಸಿದರೆ ಆರಂಭದಲ್ಲೇ ಹತೋಟಿಗೆ ಬರುತ್ತದೆ. ಈ ಕೀಟದ ಹತ್ತಿರದ ನಂಟನೊಬ್ಬ ನಮ್ಮ ನಾಡಿನ ಚರಿತ್ರೆಯಲ್ಲಿಯೇ ಇದ್ದಾನೆ. ಕೆಂಪು ಬಣ್ಣ ನೀಡುವ ಕೀಟವೆಂದು ಈಸ್ಟ್ ಇಂಡಿಯಾ ಕಂಪನಿಯ ಕಾಲದಲ್ಲಿ, 1795ರಲ್ಲಿ, ತಂದದ್ದು ಬೇರೆಯೇ ಜಾತಿಯದಾಗಿತ್ತು. ಅದು ಬಣ್ಣದ ಬದಲು ಪಾಪಾಸುಕಳ್ಳಿಯ ಒಂದು ಜಾತಿಯನ್ನು ತಿಂದು ಮುಗಿಸಿತು. ಹಬ್ಬಿದ ಇನ್ನೊಂದು ಜಾತಿಯ ಕಳ್ಳಿಯನ್ನು ಅಡಗಿಸಲು 1926ರಲ್ಲಿ ಅದೇ ಕುಲದ ಮತ್ತೊಂದು ಕೀಟವನ್ನು ಸಿಂಹಳದಿಂದ ತರಬೇಕಾಯಿತು.

ಕಳ್ಳಿಯ ಹಾಲಿನ ಬಗೆಗೆ ಎಚ್ಚರಿಕೆ ಅಗತ್ಯ. ಕಣ್ಣಿಗೆ ಸಿಡಿದರೆ ತೀವ್ರ ಉರಿಯೂತವಾಗಿ ದೃಷ್ಟಿಗೂ ಅಪಾಯ. ಕೂಡಲೇ ಧಾರಾಳ ನೀರಿನಿಂದ ತೊಳೆದು ವೈದ್ಯರಲ್ಲಿಗೆ ಹೋಗಬೇಕು. ಮಕ್ಕಳ ಕೈಗೆಟುಕುವಲ್ಲಿ ಕಳ್ಳಿ ಬೇಡ. ಅವರಿಗೆ ಕಾಡುಬಸಳೆಯ ಒಂದೆಲೆ ಕೊಟ್ಟು ನೋಡಿ, ಅಂಚಿನಲ್ಲೆಲ್ಲ ಮರಿಗಿಡಗಳು ಚಿಗುರುತ್ತವೆ. ಬಂಡೆಗಲ್ಲಿನ ಗುಡ್ಡಗಳಲ್ಲಿ ಬೆಳೆಯುವ ಕಾಡು ಜಾತಿಗಳನ್ನು ಕಿತ್ತು ತರುವುದು ಬೇಡ. ಅವು ನಿಧಾನವಾಗಿ ಬೆಳೆಯುವಂಥವು, ಕುಂಡದಲ್ಲಿ ಬಾಳುವುದೂ ಕಡಿಮೆ. ನೆರೆಮನೆಯಲ್ಲಿ ಕೇಳಿದರೆ ಒಂದು ತುಂಡು ಕೊಡದವರು ಯಾರು?