ವಿಶ್ವವಿದ್ಯಾಲಯ ನಮ್ಮೂರ ಕಡೆಗೆ ನಡೆದು ಬಂದ ಹಾದಿ

ಸಂಘದ ಬೆಳ್ಳಿಹಬ್ಬದ ಈ ಸಂಚಿಕೆಗೆ ಸಾಲ-ವಸೂಲಿ ಬಗ್ಗೆ ಬರೆಯಿರಿ ಅಂತ ಮಿತ್ರರು ಹೇಳಿದರು. ಅದನ್ನು ಕಾರ್ಯದರ್ಶಿಗಳು ಬರೆದಿದ್ದಾರೆ. ನಾವು ನಮ್ಮ ಕಲಬುರಗಿ ಸೀಮೆಯ ಮಕ್ಕಳ ಓದಿನ ಮಾತು ಬರೆಯುತ್ತೇವೆ.

ನಮ್ಮ ಅಜ್ಜಂದಿರ ಕಾಲ ನಿಜಾಮರದು. 1918ರಲ್ಲಿ ಆರಂಭವಾದ ಉಸ್ಮಾನಿಯಾ ವಿಶ್ವವಿದ್ಯಾಲಯ ಇದ್ದದ್ದು ಹೈದರಾಬಾದಿನಲ್ಲಿ, ಪಾಠ ಉರ್ದುವಿನಲ್ಲಿ. ಮನೆಯಲ್ಲಿ ಕನ್ನಡ ಆಡುವ ಒಕ್ಕಲಿಗನ ಮಗ ಅಲ್ಲಿಗೆ ಹೋಗುವುದು ಕನಸಿನ ಮಾತು. 1956ರಲ್ಲಿ ನಾಡು ಒಂದಾದ ಮೇಲೆ ನಮ್ಮ ಕಾಲೇಜುಗಳು ಧಾರವಾಡದ ಕರ್ನಾಟಕ ವಿಶ್ವವಿದ್ಯಾಲಯಕ್ಕೆ ಸೇರಿದವು. ಭಾಷೆ ಹತ್ತಿರವಾಯಿತು, ದಾರಿ ದೂರವೇ ಉಳಿಯಿತು. 1958ರಲ್ಲಿ ಮಹಾದೇವಪ್ಪ ರಾಂಪೂರೆಯವರು ಹೈದರಾಬಾದ್ ಕರ್ನಾಟಕ ಶಿಕ್ಷಣ ಸಂಸ್ಥೆ ಕಟ್ಟಿದರು. 1970ರಲ್ಲಿ ಕಲಬುರಗಿಗೆ ಧಾರವಾಡದ ಸ್ನಾತಕೋತ್ತರ ಕೇಂದ್ರ ಬಂತು. ಅದೇ 1980ರಲ್ಲಿ ಗುಲಬರ್ಗಾ ವಿಶ್ವವಿದ್ಯಾಲಯವಾಯಿತು. 2009ರಲ್ಲಿ ಆರಂಭವಾದ ಕೇಂದ್ರೀಯ ವಿಶ್ವವಿದ್ಯಾಲಯವೂ ಮುಂದೆ ಆಳಂದ ತಾಲ್ಲೂಕಿನ ಕಡಗಂಚಿಗೆ ಬಂತು. 371-ಜೆ ಕಲಮಿನಿಂದ ನಮ್ಮ ಭಾಗದ ರಾಜ್ಯದ ಕಾಲೇಜುಗಳಲ್ಲಿ ಸ್ಥಳೀಯರಿಗೆ ನೂರಕ್ಕೆ 70 ಸೀಟು ಸಿಕ್ಕವು.

ಇಷ್ಟಾದರೂ 2002ರ ನಂಜುಂಡಪ್ಪ ವರದಿಯಲ್ಲಿ ರಾಜ್ಯದ 39 ಅತ್ಯಂತ ಹಿಂದುಳಿದ ತಾಲ್ಲೂಕುಗಳ ಪೈಕಿ 21 ನಮ್ಮ ವಿಭಾಗದವೇ ಇದ್ದವು. ಕಟ್ಟಡ ಬಂದ ಮಾತ್ರಕ್ಕೆ ಹುಡುಗರು ಒಳಗೆ ಹೋಗುವುದಿಲ್ಲ ನೋಡಿ.

ನಾವು ಎಸ್.ಎಸ್.ಎಲ್.ಸಿ. ಪಾಸಾದ ವರ್ಷ ಊರಿನಿಂದ ಐದು ಮಂದಿ ಪಾಸಾದೆವು. ಆಗ ವಿಶ್ವವಿದ್ಯಾಲಯ ನಮ್ಮ ಜಿಲ್ಲೆಯಲ್ಲೇ ಇತ್ತು. ಆದರೆ ತಾಲ್ಲೂಕಿನ ಪಿಯುಸಿಗೇ ಹೋದವನು ಒಬ್ಬ. ಅವನಿಗೆ ಅಲ್ಲಿ ಸೋದರಮಾವನ ಮನೆ ಇತ್ತು. ಹಾಸ್ಟೆಲಿನ ಪಟ್ಟಿಯಲ್ಲಿ ನಮ್ಮ ಹೆಸರು ಬರಲಿಲ್ಲ. ಮುಂಜಾನೆ ಬಸ್ಸು ಮುಟ್ಟುವುದರೊಳಗೆ ಎರಡು ಪಿರೇಡು ಮುಗಿದಿರುತ್ತಿದ್ದವು. ಎರಡು ತಿಂಗಳು ಓಡಾಡಿ ನೇಗಿಲು ಹಿಡಿದೆವು.

ಇನ್ನೊಂದು ತೊಡಕು ಒಕ್ಕಲಿಗರಿಗೇ ಗೊತ್ತು. ಕಾಲೇಜಿನ ಫೀ ತುಂಬುವುದು ಮಳೆಗಾಲದಾಗ. ಅದೇ ಹೊತ್ತಿಗೆ ಬೀಜ, ಗೊಬ್ಬರ, ಆಳಿನ ಕೂಲಿ. ತೊಗರಿ ರಾಶಿ ಆಗುವುದು ಪುಷ್ಯದಾಗ. ರೊಕ್ಕ ಬರುವ ಹೊತ್ತಿಗೆ ಸೀಟು ಹೋಗಿರುತ್ತದೆ.

ಹೋದ ವರ್ಷ ನಮ್ಮ ಸದಸ್ಯರೊಬ್ಬರ ಮಗಳಿಗೆ ಎಂ.ಎಸ್ಸಿ. ಸೀಟು ಸಿಕ್ಕಿತು. ತಂದೆ ಸಂಘಕ್ಕೆ ಬಂದು, "ಸಾಹೇಬ್ರ, ಬಿತ್ತಾಕ ಸಾಲ ಕೊಡ್ತೀರಿ, ಮಗಳ ಓದಿಗೆ ಯಾಕಿಲ್ಲ?" ಅಂದರು. ಬೈಲಾದಲ್ಲಿ ಇಲ್ಲ ಅಂದೆವು. ಹೇಳುವಾಗ ನಮಗೇ ನಾಚಿಕೆಯಾಯಿತು. ಕಡೆಗೆ ಹೆಂಡತಿಯ ಬೋರಮಾಳ ಸರ ನಮ್ಮಲ್ಲೇ ಅಡವಿಟ್ಟು ಫೀ ತುಂಬಿದರು. ತೊಗರಿ ಮಾರಿದ ಮೇಲೆ ಬಡ್ಡಿ ಸಮೇತ ಕಟ್ಟಿ ಸರ ಬಿಡಿಸಿಕೊಂಡರು.

ಮಗಳು ಈಗ ಎರಡನೇ ವರ್ಷದಲ್ಲಿದ್ದಾಳೆ. ಫೀ ಸಾಲಕ್ಕಾಗಿ ಬೈಲಾ ತಿದ್ದುವ ಠರಾವನ್ನು ಬರುವ ಸರ್ವಸಾಧಾರಣ ಸಭೆಗೆ ತರುತ್ತಿದ್ದೇವೆ. ಸದಸ್ಯ ಬಂಧುಗಳು ಅಂದು ತಪ್ಪದೆ ಬರಬೇಕು, ಕೋರಂ ಇಲ್ಲದೆ ಹೋದರೆ ಮತ್ತೆ ಒಂದು ಮಳೆಗಾಲ ಹೋಗುತ್ತದೆ.